145, 146

(ಮಾತಾಡುವವರು ಇಬ್ಬರು. ಒಬ್ಬರು ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದ ಚಿಕ್ಕಮ್ಮ. ಇನ್ನೊಬ್ಬ ಅಮೆರಿಕದ ಅಯೋವಾ ಸಿಟಿಯಲ್ಲಿ ಓದುತ್ತಾ ಅಲ್ಲಿನ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡ ಅವರ ಅಕ್ಕನ ಮಗ.)

— ನಿನ್ನ ಈ ಟೈಟ್ ಎಂಡ್ ಅನ್ನೋನು ಓಡಬೇಕೋ, ಗುದ್ದಾಡಬೇಕೋ? ಯಾವುದಾದರೂ ಒಂದು ಹೇಳು.

— ಎರಡೂ ಮಾಡಬೇಕು ಚಿಕ್ಕಮ್ಮ, ಅವನ ಕಷ್ಟವೇ ಅದು. ಮುಂದಿನ ಸಾಲಿನಲ್ಲಿ ಐದು ಜನ ದಢೂತಿಗಳು ನಿಂತಿರ್ತಾರೆ. ಎದುರಾಳಿ ನುಗ್ಗದ ಹಾಗೆ ತಡೆಯೋದಷ್ಟೇ ಅವರ ಕೆಲಸ. ಮೈದಾನದ ಅಂಚಿನಲ್ಲಿ ರಿಸೀವರ್‌ಗಳು. ಅವರು ಓಡಬೇಕು, ಚೆಂಡು ಹಿಡೀಬೇಕು. ಟೈಟ್ ಎಂಡ್ ಆ ಐವರ ಸಾಲಿನ ತುದಿಗೆ ಅಂಟಿಕೊಂಡು ನಿಲ್ತಾನೆ. ಒಂದು ಸಲ ತನಗಿಂತ ತೂಕದವನನ್ನ ತಳ್ಳಿ ಹಿಂದಿರೋನಿಗೆ ದಾರಿ ಮಾಡಿಕೊಡಬೇಕು. ಮುಂದಿನ ಸಲ ಅದೇ ಜಾಗದಿಂದ ಓಡಿ ಕ್ಯಾಚ್ ಹಿಡೀಬೇಕು. ಈ ಸಲ ಯಾವುದು ಅನ್ನೋದು ಎದುರಿಗಿರೋನಿಗೆ ಮುಂಚೆ ಗೊತ್ತಾಗಬಾರದು.

— ಹಾಗಾದರೆ ಅವನಿಗೆ ಎರಡು ಸಂಬಳ ಕೊಡಬೇಕು.

— ಸಂಬಳದ ಮಾತು ಆಮೇಲೆ. ಮೊದಲು ಇಬ್ಬರು ಹುಡುಗರ ಕತೆ ಕೇಳಿ. 2017ರ ಏಪ್ರಿಲ್ 29, ಶನಿವಾರ, ಫಿಲಡೆಲ್ಫಿಯಾ. ಅಲ್ಲಿನ ವೃತ್ತಿಪರ ಲೀಗು ಎನ್‌ಎಫ್‌ಎಲ್‌ನ 32 ತಂಡಗಳು ಕಾಲೇಜು ಹುಡುಗರನ್ನ ಸರದಿಯ ಪ್ರಕಾರ ಆರಿಸಿಕೊಳ್ಳೋ ಡ್ರಾಫ್ಟ್‌ನ ಮೂರನೇ ದಿನ. ಏಳು ಸುತ್ತುಗಳಲ್ಲಿ ಐದನೆಯದು ನಡೀತಿದೆ. 145ನೆಯವನಾಗಿ ಡೆನ್ವರ್ ತಂಡ ಜೇಕ್ ಬಟ್ ಅನ್ನೋ ಟೈಟ್ ಎಂಡ್‌ನ ಹೆಸರು ಕೂಗಿಸಿತು. ಅದರ ಬೆನ್ನಿಗೇ 146ನೆಯವನಾಗಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಜಾರ್ಜ್ ಕಿಟಲ್‌ನ ಹೆಸರು ಕೂಗಿಸಿತು. ಅವನೂ ಟೈಟ್ ಎಂಡ್.

— ಅಕ್ಕಪಕ್ಕದ ನಂಬರು. ಅಂದರೆ ಇಬ್ಬರೂ ಒಂದೇ ತೂಕದವರು.

— ಅದೊಂದು ದಿನ ಮಾತ್ರ. ಬಟ್ ಮಿಷಿಗನ್ ವಿಶ್ವವಿದ್ಯಾಲಯದವನು. ಕಾಲೇಜಿನಲ್ಲಿ 138 ಕ್ಯಾಚ್ ಹಿಡಿದವನು. ದೇಶದ ಅತ್ಯುತ್ತಮ ಕಾಲೇಜು ಟೈಟ್ ಎಂಡ್‌ಗೆ ಕೊಡೋ ಜಾನ್ ಮ್ಯಾಕಿ ಪ್ರಶಸ್ತಿ 2016ರಲ್ಲಿ ಅವನಿಗೇ ಬಂದಿತ್ತು. ಕಿಟಲ್ ನಮ್ಮ ಅಯೋವಾದವನು. ಕಾಲೇಜು ಮುಗಿಯೋ ತನಕ ಹಿಡಿದದ್ದು ಒಟ್ಟು 48 ಕ್ಯಾಚು. ಅವನಪ್ಪನೂ ಅಯೋವಾ ತಂಡದ ಹಳೇ ಆಟಗಾರ. ಆದರೂ ಮಗನಿಗೆ ಅಲ್ಲಿ ಸ್ಕಾಲರ್‌ಶಿಪ್ ಸಿಕ್ಕಿದ್ದು ಕೊನೇ ಗಳಿಗೆಯಲ್ಲಿ.

— ‘ನಮ್ಮ ಅಯೋವಾ’ ಅಂತೆ! ಇರಲಿ. ಪ್ರಶಸ್ತಿ ಗೆದ್ದವನು ಐದನೇ ಸುತ್ತಿನ ತನಕ ಯಾಕೆ ಕಾಯಬೇಕಾಯ್ತು?

— ಮೊಣಕಾಲು. 2016ರ ಡಿಸೆಂಬರ್ 30ರಂದು ಆರೆಂಜ್ ಬೌಲ್ ಪಂದ್ಯ. ಋತು ಮುಗಿದ ಮೇಲೆ ಹಬ್ಬದ ಥರ ಆಡಿಸೋ ಪಂದ್ಯ ಅದು, ಚಾಂಪಿಯನ್ ಪಟ್ಟಕ್ಕೂ ಅದಕ್ಕೂ ಆ ವರ್ಷ ಸಂಬಂಧ ಇರಲಿಲ್ಲ. ಅದೇ ಋತುವಿನಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ, ಲೆನಾರ್ಡ್ ಫೋರ್ನೆಟ್ ಅನ್ನೋ ಇಬ್ಬರು ದೊಡ್ಡ ಆಟಗಾರರು ‘ಡ್ರಾಫ್ಟ್ ಮುಂದಿದೆ, ಪೆಟ್ಟು ಮಾಡ್ಕೊಳ್ಳೋಕೆ ಆಗಲ್ಲ’ ಅಂತ ಇಂಥದ್ದೇ ಪಂದ್ಯಗಳಿಂದ ಹಿಂದೆ ಸರಿದರು. ಅವರನ್ನ ಬೈದವರು ಎಷ್ಟು ಜನವೋ. ಬಟ್ ಮಾತ್ರ ಆಡಿದ. ಮೊಣಕಾಲಿನ ಲಿಗಮೆಂಟ್ ಹರೀತು. 2014ರಲ್ಲೂ ಒಮ್ಮೆ ಹರಿದಿತ್ತು.

— ಪಂದ್ಯ ಗೆದ್ದರೇ?

— ಒಂದು ಅಂಕದಿಂದ ಸೋತರು. 33–32.

— ಅಯ್ಯೋ ಪಾಪ. ಹುಡುಗನಿಗೆ ಕಾಲೇಜು ಕೊಟ್ಟಿದ್ದೇನು, ಸಂಬಳವೇ?

— ಆಗ ಸಂಬಳ ಅನ್ನೋದೇ ಇರಲಿಲ್ಲ. ಸ್ಕಾಲರ್‌ಶಿಪ್, ಊಟ, ವಸತಿ, ಒಂದಿಷ್ಟು ಕೈಖರ್ಚು. ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯೋಕೆ ಹುಡುಗರಿಗೆ ಅನುಮತಿ ಸಿಕ್ಕಿದ್ದು 2021ರ ಜುಲೈನಲ್ಲಿ. ಕಾಲೇಜೇ ನೇರವಾಗಿ ದುಡ್ಡು ಹಂಚಬಹುದು ಅಂತಾದದ್ದು 2025ರಲ್ಲಿ, ಅದೂ ಕೋರ್ಟಿನಲ್ಲಿ ರಾಜಿಯಾದ ಮೇಲೆ. ಆದರೆ ಬಟ್‌ನ ವಿಷಯದಲ್ಲಿ ನಿಮಗೆ ಇಷ್ಟವಾಗೋ ಸಂಗತಿ ಒಂದಿದೆ. ಅವನು ವಿಮೆ ಮಾಡಿಸಿದ್ದ.

— ಈಗ ಮಾತಾಡಿದೆ ನೋಡು! ಅಂಗವೈಕಲ್ಯದ ಪಾಲಿಸಿಯೇ?

— ಅಂಗವೈಕಲ್ಯದ್ದು ಬಹಳ ಹಿಂದಿನಿಂದ ಇದೆ, ಆದರೆ ಅದು ಕೈಗೆ ಬರೋದು ಮತ್ತೆ ಆಡೋಕೇ ಆಗಲ್ಲ ಅನ್ನೋ ಸ್ಥಿತಿಗೆ ಬಂದರೆ. ಇದು ಬೇರೆ ಥರ, ಬೆಲೆ ಕುಸಿತದ ವಿಮೆ. ಆಡೋಕೆ ಆಗುತ್ತೆ, ಆದರೆ ಪೆಟ್ಟಿನಿಂದಾಗಿ ಡ್ರಾಫ್ಟ್‌ನಲ್ಲಿ ಕೆಳಗಿಳಿದರೆ ಇಷ್ಟು ಅಂತ ದುಡ್ಡು. ಬಟ್ ಐದನೇ ಸುತ್ತಿಗೆ ಇಳಿದದ್ದಕ್ಕೆ ಸುಮಾರು 5,43,000 ಡಾಲರ್ ಬಂತು ಅಂತ ಅಲ್ಲಿನ ಕ್ರೀಡಾ ವರದಿಗಾರರು ಬರೆದರು.

— ತಡಿ, ಇದನ್ನ ಬಿಡಿಸಿ ನೋಡಬೇಕು. ಕಾರಿಗೆ ವಿಮೆ ಮಾಡೋವಾಗ ಬೆಲೆ ಇನ್‌ವಾಯ್ಸಿನಲ್ಲಿ ಇರುತ್ತೆ. ಈ ಹುಡುಗನ ಬೆಲೆ ಯಾವ ಕಾಗದದಲ್ಲಿ ಇತ್ತು? ಇನ್ನೂ ಆಗದೇ ಇರೋ ಡ್ರಾಫ್ಟ್‌ನಲ್ಲಿ ಮೇಲಿನ ಸುತ್ತಿಗೆ ಹೋಗ್ತಿದ್ದ ಅಂತ ಸರ್ಟಿಫಿಕೇಟ್ ಕೊಟ್ಟೋರು ಯಾರು?

— ತಂಡಗಳ ಸ್ಕೌಟ್‌ಗಳ ಅಂದಾಜು, ಪತ್ರಿಕೆಯವರ ಪಟ್ಟಿ, ಆಡಿದ ಲೆಕ್ಕ. ಅದನ್ನೆಲ್ಲ ಸೇರಿಸಿ ಒಂದು ಹೊಸ್ತಿಲು ಗೊತ್ತು ಮಾಡ್ತಾರೆ. ಅದಕ್ಕಿಂತ ಕೆಳಗೆ ಹೋದರೆ ಕ್ಲೇಮು.

— ಕುಸಿದದ್ದು ಪೆಟ್ಟಿನಿಂದಲೇ ಅಂತ ಸಾಬೀತು ಮಾಡೋದು ಯಾರ ಜವಾಬ್ದಾರಿ?

— ಹುಡುಗನದ್ದೇ. ಅಲ್ಲೇ ಎಷ್ಟೋ ಜಗಳ. ಪೆಟ್ಟಿಗಿಂತ ಮುಂಚೆಯೇ ಇವನ ಆಟ ಮಂಕಾಗಿತ್ತು ಅಂತ ಕಂಪನಿಯವರು ವಾದಿಸಬಹುದು. ಬಟ್‌ನ ಕೇಸಿನಲ್ಲಿ ಅನುಮಾನಕ್ಕೆ ಜಾಗ ಇರಲಿಲ್ಲ. ಇಡೀ ದೇಶ ಟಿವಿಯಲ್ಲಿ ನೋಡಿತ್ತು.

— ನಮ್ಮ ಕಚೇರಿಗೆ ಇಂಥ ಪ್ರಪೋಸಲ್ ಬಂದಿದ್ದರೆ ನಾನು ಸಹಿ ಹಾಕ್ತಿರಲಿಲ್ಲ ಬಿಡು. 2014ರಲ್ಲೇ ಹರಿದ ಮೊಣಕಾಲು, ವಾರಕ್ಕೊಮ್ಮೆ ಗುದ್ದಾಟ, ಮೇಲೆ ಬೆಲೆ ಬರೀ ಊಹೆ. ಕಂತು ಎಷ್ಟು ಕೇಳೋದು? ಆದರೆ ಹುಡುಗನ ಕಡೆಯಿಂದ ನೋಡಿದರೆ, ಇಪ್ಪತ್ತೊಂದು ವರ್ಷಕ್ಕೆ ಇಷ್ಟು ಬುದ್ಧಿ ಇದ್ದದ್ದು ದೊಡ್ಡದು. ಆಮೇಲೆ ಏನಾದ?

— ಮೊದಲನೇ ವರ್ಷ ಗುಣವಾಗೋದರಲ್ಲೇ ಕಳೀತು. 2018ರಲ್ಲಿ ಮೂರು ಪಂದ್ಯ ಆಡಿದ, ಅಭ್ಯಾಸದಲ್ಲಿ ಇನ್ನೊಂದು ಮೊಣಕಾಲೂ ಹೋಯ್ತು. ಕೆಲವೇ ವರ್ಷಗಳಲ್ಲಿ ಆಟ ಬಿಟ್ಟ.

— ಇನ್ನೊಬ್ಬ? ನಿಮ್ಮ ಅಯೋವಾದವನು?

— ಅವನ ಕತೆ ಬೇರೆ. ಅಯೋವಾ ತಂಡ ಚೆಂಡು ಎಸೆಯೋದಕ್ಕಿಂತ ಹೊತ್ತು ಓಡೋದನ್ನ ನಂಬಿದ ತಂಡ. ಕರ್ಕ್ ಫೆರೆಂಟ್ಜ್ ಅನ್ನೋ ಕೋಚು 1999ರಿಂದ ಅಲ್ಲೇ ಇದ್ದಾರೆ, ಆಟದ ಧಾಟಿ ಬದಲಾಯಿಸೋ ಮನುಷ್ಯ ಅಲ್ಲ. ಅಲ್ಲಿ ಟೈಟ್ ಎಂಡ್ ಆಗಬೇಕು ಅಂದರೆ ಮೊದಲು ತಳ್ಳೋದು ಕಲೀಬೇಕು. ಕಿಟಲ್ ಬಂದಾಗ ಬಡಕಲಾಗಿದ್ದ. ಮೊದಲನೇ ವರ್ಷ ಪಂದ್ಯಕ್ಕೇ ಇಳಿಸದೆ ಮೈ ಕಟ್ಟಿಸಿದರು. ಐದು ವರ್ಷ ಆದ ಮೇಲೆ ಹೊರಗೆ ಬಂದಾಗ ಆರಡಿ ನಾಲ್ಕು ಅಂಗುಲ, ಸುಮಾರು 112 ಕಿಲೋ. ಎದುರಾಳಿಯನ್ನ ಹತ್ತು ಗಜ ಹಿಂದಕ್ಕೆ ನೂಕಿ ಅಂಗಾತ ಕೆಡವಿ ಎದ್ದು ನಗೋನು. ನಾವು ಗ್ಯಾಲರಿಯಲ್ಲಿ ಕೂತು ಚೆಂಡು ಇದ್ದ ಕಡೆ ನೋಡ್ತಿದ್ವಿ. ಇವನು ಕೆಡವಿದ್ದು ಮಾರನೇ ದಿನ ವಿಡಿಯೋದಲ್ಲಿ ಕಾಣೋದು.

— ಕ್ಯಾಚಿಗಾದರೆ ಲೆಕ್ಕ ಇದೆ. ಈ ತಳ್ಳಿದ್ದಕ್ಕೆ?

— ಅಧಿಕೃತ ಅಂಕಿಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರದ ಹೊತ್ತಿಗೆ ಕಂಬೈನ್ ಅಂತ ನಡೆಸ್ತಾರೆ. ಮುನ್ನೂರಕ್ಕೂ ಹೆಚ್ಚು ಹುಡುಗರು. ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಗಲ ಎಲ್ಲಾ ಅಳೀತಾರೆ. 40 ಗಜ ಓಡಿಸ್ತಾರೆ, ನಿಂತಲ್ಲೇ ಜಿಗಿಸ್ತಾರೆ, ಸುಮಾರು 102 ಕಿಲೋ ಭಾರವನ್ನ ಎಷ್ಟು ಸಲ ಎತ್ತುತ್ತಾನೆ ಅಂತ ಎಣಿಸ್ತಾರೆ. ಒಂದೊಂದು ತಂಡದ ಡಾಕ್ಟರೂ ಹಳೇ ಗಾಯಗಳನ್ನ ಒತ್ತಿ, ತಿರುಚಿ ನೋಡ್ತಾರೆ. ಒಳಚಡ್ಡಿಯಲ್ಲಿ ನಿಲ್ಲಿಸಿ ಫೋಟೋ ತೆಗೆದದ್ದೂ ಉಂಟು.

— ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡೋ ಹಾಗೆ.

— ಆ ಮಾತನ್ನ ಅಲ್ಲಿನವರೂ ಆಡ್ತಾರೆ. ಕಿಟಲ್ 40 ಗಜವನ್ನ 4.52 ಸೆಕೆಂಡಿನಲ್ಲಿ ಓಡಿದ. ಆ ಗಾತ್ರದವನಿಗೆ ಅದು ಬೆರಗಿನ ವೇಗ. ಆದರೂ ಅವನಿಗಿಂತ ಮುಂಚೆ ಎಂಟು ಟೈಟ್ ಎಂಡ್‌ಗಳು ಆಯ್ಕೆಯಾದರು. ಮೊದಲನೇ ಸುತ್ತಿನಲ್ಲೇ ಮೂವರು. ಅಲಬಾಮಾದ ಓ.ಜೆ. ಹೊವರ್ಡ್ 19ನೆಯವನು.

— ಓಡಿದ್ದನ್ನ ಕಣ್ಣಾರೆ ಕಂಡರೂ ನಂಬಲಿಲ್ಲವೇ?

— ನಂಬಿದರು, ಆದರೆ ‘48 ಕ್ಯಾಚು’ ಅನ್ನೋ ಅಂಕಿ ಎದುರಿಗಿತ್ತು. ಕೊನೇ ವರ್ಷ ಕಾಲು ನೋವಿನಲ್ಲೇ ಆಡಿದ್ದ, ಹಿಡಿದದ್ದು 22. ಇವನು ಹಿಡಿಯಲಿಲ್ಲವೋ, ಇವನ ಕಡೆ ಎಸೆಯಲೇ ಇಲ್ಲವೋ ಅಂತ ಯೋಚನೆ ಮಾಡಬೇಕಾದರೆ ಕೂತು ಪ್ರತಿ ಪಂದ್ಯದ ವಿಡಿಯೋ ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೊದವರು ನೋಡಿದ್ದರು ಅಂತ ಕಾಣುತ್ತೆ. ಇವನಿಗೆ ಚೆಂಡು ಎಸೀತಿದ್ದ ಅಯೋವಾದ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಬೆತರ್ಡ್‌ನನ್ನೂ ಅದೇ ಡ್ರಾಫ್ಟ್‌ನಲ್ಲಿ 104ನೆಯವನಾಗಿ ಅವರೇ ಆರಿಸಿದ್ದರು.

— ನೋಡಿದ್ದರು ಅಂತ ಹೊಗಳ್ತೀಯಲ್ಲ, ಅಷ್ಟು ಚೆನ್ನಾಗಿ ನೋಡಿದ್ದರೆ ಐದನೇ ಸುತ್ತಿನ ತನಕ ಅವರೂ ಯಾಕೆ ಕಾದರು?

— ...ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

— ಉತ್ತರ ನಾನು ಹೇಳ್ತೀನಿ. ಅಗ್ಗಕ್ಕೆ ಸಿಗುತ್ತೆ ಅಂತ ಗೊತ್ತಿರೋನು ಅವಸರ ಮಾಡಲ್ಲ. 19ಕ್ಕೂ 146ಕ್ಕೂ ದುಡ್ಡಿನಲ್ಲಿ ವ್ಯತ್ಯಾಸ ಎಷ್ಟು?

— 2011ರ ಒಪ್ಪಂದದಿಂದ ಈಚೆಗೆ ಯಾವ ನಂಬರಿಗೆ ಎಷ್ಟು ಅಂತ ಹೆಚ್ಚುಕಮ್ಮಿ ಗೊತ್ತಾಗಿಬಿಟ್ಟಿದೆ, ಚೌಕಾಸಿಗೆ ಜಾಗ ಕಮ್ಮಿ. ನಾಲ್ಕು ವರ್ಷಕ್ಕೆ ಹೊವರ್ಡ್‌ಗೆ ಸುಮಾರು 1 ಕೋಟಿ 10 ಲಕ್ಷ ಡಾಲರ್. ಕಿಟಲ್‌ಗೆ ಸುಮಾರು 27 ಲಕ್ಷ.

— ಕಿಟಲ್ ಆಡಿದ್ದು?

— ಎರಡನೇ ವರ್ಷವೇ, 2018ರಲ್ಲಿ, ಕ್ಯಾಚ್ ಹಿಡಿದು 1,377 ಗಜ. ಒಂದು ಋತುವಿನಲ್ಲಿ ಅಲ್ಲಿಯ ತನಕ ಯಾವ ಟೈಟ್ ಎಂಡೂ ಗಳಿಸದ ಮೊತ್ತ. ಎರಡು ವರ್ಷ ಆದ ಮೇಲೆ ಟ್ರಾವಿಸ್ ಕೆಲ್ಸಿ ಅದನ್ನ ಮುರಿದ. ಅವನು ಮೂರನೇ ಸುತ್ತಿನವನು, 63ನೆಯವನು. 2020ರಲ್ಲಿ ಕಿಟಲ್‌ಗೆ ಐದು ವರ್ಷಕ್ಕೆ 7 ಕೋಟಿ 50 ಲಕ್ಷ ಡಾಲರ್‌ನ ಒಪ್ಪಂದ ಆಯ್ತು. ಆಗ ಟೈಟ್ ಎಂಡ್‌ಗಳಲ್ಲೇ ಅದು ದೊಡ್ಡದು.

— ಸರಿ, ಗೆದ್ದವನ ಕತೆ ಕೇಳೋಕೆ ಚೆನ್ನ. ನನಗೆ ಗಂಟಲಲ್ಲಿ ಸಿಕ್ಕಿಕೊಂಡಿರೋದು ಬೇರೆ. ಐಪಿಎಲ್ ಹರಾಜಿನಲ್ಲಿ ಒಬ್ಬ ಹುಡುಗ ಬೇಕು ಅಂದರೆ ನಾಲ್ಕು ತಂಡದವರು ಕೈ ಎತ್ತಬಹುದು, ಬೆಲೆ ಏರುತ್ತೆ. ಇಲ್ಲಿ ಕೈ ಎತ್ತೋನು ಒಬ್ಬನೇ. ಇದಕ್ಕೆ ಹುಡುಗರು ಹೇಗೆ ಒಪ್ಪಿದರು?

— ಒಪ್ಪಿ ಅಂತ ಯಾರೂ ಕೇಳಲೇ ಇಲ್ಲ. ಡ್ರಾಫ್ಟ್ ಶುರುವಾದದ್ದು 1936ರ ಫೆಬ್ರವರಿಯಲ್ಲಿ, ಇದೇ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ. ಅಲ್ಲಿನ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್‌ಗೆ ಶ್ರೀಮಂತ ತಂಡಗಳ ಜೊತೆ ಪೈಪೋಟಿ ಮಾಡಿ ಒಳ್ಳೇ ಹುಡುಗರನ್ನ ತರೋಕೆ ಆಗ್ತಿರಲಿಲ್ಲ. ಹಿಂದಿನ ವರ್ಷ ಕಡೇ ಸ್ಥಾನಕ್ಕೆ ಬಿದ್ದ ತಂಡ ಮೊದಲು ಆರಿಸಲಿ ಅಂತ ಸೂಚಿಸಿದ. ಕಡೇ ಸ್ಥಾನದಲ್ಲಿ ಇದ್ದದ್ದು ಅವನ ತಂಡವೇ.

— ಜಾಣ!

— ಮೊಟ್ಟಮೊದಲು ಆಯ್ಕೆಯಾದವನು ಜೇ ಬರ್‌ವ್ಯಾಂಗರ್, ಷಿಕಾಗೊ ವಿಶ್ವವಿದ್ಯಾಲಯದವನು. ಅವನು ಕೇಳಿದಷ್ಟು ಕೊಡಲಿಲ್ಲ. ಎನ್‌ಎಫ್‌ಎಲ್ ಬೇಡ ಅಂತ ರಬ್ಬರ್ ಕಂಪನಿ ಸೇರಿ ಮಾರಾಟಕ್ಕೆ ಹೋದ. ಅಯೋವಾದ ಸ್ಟೇಡಿಯಂಗೆ ಹೆಸರು ಕೊಟ್ಟ ನೈಲ್ ಕಿನಿಕ್ ಕೂಡ ಅಷ್ಟೇ. 1940ರಲ್ಲಿ ಎನ್‌ಎಫ್‌ಎಲ್ ಕರೆದರೆ ಒಲ್ಲೆ ಅಂತ ಕಾನೂನು ಓದೋಕೆ ಹೋದ. ಆಮೇಲೆ ನೌಕಾಪಡೆಯ ಪೈಲಟ್ ಆಗಿ 1943ರಲ್ಲಿ ತರಬೇತಿ ಹಾರಾಟದಲ್ಲಿ ಸತ್ತ. ಆಗ ಫುಟ್‌ಬಾಲ್ ಬಿಟ್ಟು ಬದುಕೋದು ಲಾಭದ್ದೇ ಆಗಿತ್ತು. ಈಗಿನ ಹುಡುಗನಿಗೆ ಆ ಬಾಗಿಲೂ ಇಲ್ಲ. ಅಷ್ಟು ಸಂಬಳ ಕೊಡೋ ಬೇರೆ ಲೀಗು ಎಲ್ಲಿದೆ? ಹೈಸ್ಕೂಲು ಮುಗಿಸಿ ಮೂರು ವರ್ಷ ಆಗೋ ತನಕ ಡ್ರಾಫ್ಟ್‌ಗೆ ಬರೋ ಹಾಗೂ ಇಲ್ಲ. ಅದನ್ನ ಪ್ರಶ್ನಿಸಿ ಮೊರೀಸ್ ಕ್ಲಾರೆಟ್ ಅನ್ನೋನು 2003ರಲ್ಲಿ ಕೋರ್ಟಿಗೆ ಹೋಗಿ, 2004ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದು, ಮೇಲ್ಮನವಿಯಲ್ಲಿ ಸೋತ.

— ಆಯ್ಕೆಯೇ ಆಗದವರು?

— ಅವರು ಯಾವ ತಂಡಕ್ಕೆ ಬೇಕಾದರೂ ಹೋಗಬಹುದು.

— ನೋಡು! ಯಾರಿಗೂ ಬೇಡವಾದವನಿಗೆ ಮಾತ್ರ ಸ್ವಾತಂತ್ರ್ಯ.

— ಆಂಟೋನಿಯೊ ಗೇಟ್ಸ್ ಅಂಥವನೇ. ಕೆಂಟ್ ಸ್ಟೇಟ್‌ನಲ್ಲಿ ಆಡಿದ್ದು ಬ್ಯಾಸ್ಕೆಟ್‌ಬಾಲ್, ಕಾಲೇಜು ಫುಟ್‌ಬಾಲ್ ಆಡಲೇ ಇಲ್ಲ. 2003ರಲ್ಲಿ ಯಾರೂ ಆರಿಸಲಿಲ್ಲ. ಸ್ಯಾನ್ ಡಿಯಾಗೊ ತಂಡ ಸೇರಿ 116 ಟಚ್‌ಡೌನ್ ಕ್ಯಾಚ್ ಹಿಡಿದ. ಟೈಟ್ ಎಂಡ್‌ಗಳಲ್ಲಿ ಅದು ದಾಖಲೆ. 2025ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದ.

— ಒಬ್ಬ ಗೇಟ್ಸ್‌ನ ಹಿಂದೆ ಮನೆಗೆ ಹೋದವರು ಎಷ್ಟೋ ಸಾವಿರ ಇರಬೇಕು, ಅವರ ಲೆಕ್ಕ ಯಾರೂ ಇಡಲ್ಲ. ಅದಿರಲಿ, ಆ ಪ್ರಶಸ್ತಿಗೆ ಹೆಸರು ಇಟ್ಟಿದ್ದಾರಲ್ಲ, ಮ್ಯಾಕಿ, ಅವನು ಯಾರು?

— ಜಾನ್ ಮ್ಯಾಕಿ. ಸಿರಾಕ್ಯೂಸ್ ವಿಶ್ವವಿದ್ಯಾಲಯದಿಂದ 1963ರಲ್ಲಿ ಬಾಲ್ಟಿಮೋರ್ ತಂಡಕ್ಕೆ ಎರಡನೇ ಸುತ್ತಿನಲ್ಲಿ ಬಂದವನು. ಅವನಿಗಿಂತ ಮುಂಚೆ ಟೈಟ್ ಎಂಡ್ ಅಂದರೆ ಹೆಚ್ಚಾಗಿ ತಳ್ಳೋನು. ಚೆಂಡು ಹಿಡಿದ ಮೇಲೆ ಎದುರಾಳಿಗಳನ್ನ ಕೊಡವಿಕೊಂಡು ಓಡೋದನ್ನ ಇವನು ತೋರಿಸಿದ. ಆದರೆ ನನಗೆ ಅವನು ದೊಡ್ಡವನು ಅನ್ನಿಸೋದು ಬೇರೆ ಕಾರಣಕ್ಕೆ. ಆಟಗಾರರ ಸಂಘದ ಅಧ್ಯಕ್ಷ ಆಗಿದ್ದ. ಆಗ ಒಂದು ನಿಯಮ ಇತ್ತು: ಒಪ್ಪಂದ ಮುಗಿದ ಆಟಗಾರನನ್ನ ಬೇರೆ ತಂಡ ಕರೆದುಕೊಂಡರೆ ಹಳೇ ತಂಡಕ್ಕೆ ಪರಿಹಾರ ಕೊಡಬೇಕು, ಎಷ್ಟು ಅಂತ ಲೀಗಿನ ಕಮಿಷನರ್ ತೀರ್ಮಾನಿಸ್ತಾನೆ. ಆ ಭಯಕ್ಕೆ ಯಾರೂ ಯಾರನ್ನೂ ಕರೀತಿರಲಿಲ್ಲ. ಮ್ಯಾಕಿ ಕೇಸು ಹಾಕಿದ. 1976ರಲ್ಲಿ ಮೇಲ್ಮನವಿ ಕೋರ್ಟು ಆ ನಿಯಮ ಕಾನೂನುಬಾಹಿರ ಅಂತು.

— ಇವನನ್ನ ನೋಡಬೇಕಿತ್ತು ನಾನು. ಇದ್ದಾನೆಯೇ?

— 2011ರಲ್ಲಿ ತೀರಿಕೊಂಡ, 69 ವರ್ಷಕ್ಕೆ. ಕಡೇ ವರ್ಷಗಳಲ್ಲಿ ಮರೆವಿನ ಕಾಯಿಲೆ. ಹೆಂಡತಿ ಸಿಲ್ವಿಯಾ ಲೀಗಿಗೆ ಕಾಗದ ಬರೆದು ಅವನ ಸ್ಥಿತಿ ವಿವರಿಸಿದರು. ಅದಾದ ಮೇಲೆ, 2007ರಲ್ಲಿ, ಡಿಮೆನ್ಶಿಯಾ ಬಂದ ಮಾಜಿ ಆಟಗಾರರ ಆರೈಕೆಗೆ ವರ್ಷಕ್ಕೆ 88,000 ಡಾಲರ್ ತನಕ ಕೊಡೋ ಯೋಜನೆ ಶುರುವಾಯ್ತು. ಮ್ಯಾಕಿಯ ಜೆರ್ಸಿ ನಂಬರು 88. ಅವನು ಸತ್ತ ಮೇಲೆ ಪರೀಕ್ಷೆ ಮಾಡಿದಾಗ ತಲೆಗೆ ಮೇಲಿಂದ ಮೇಲೆ ಬಿದ್ದ ಪೆಟ್ಟಿನಿಂದ ಬರೋ ಮಿದುಳಿನ ರೋಗ ಇದ್ದದ್ದು ಗೊತ್ತಾಯ್ತು.

— ಮೊಣಕಾಲಿಗೆ ಪಾಲಿಸಿ ಬರೆದ ಕಂಪನಿ ಇದಕ್ಕೆ ಬರೆಯುತ್ತದೆಯೇ? ಬರೆಯಲ್ಲ. ಮೂವತ್ತು ವರ್ಷ ಆದ ಮೇಲೆ ಬರೋ ಕಾಯಿಲೆಗೆ ಇಂಥಾ ದಿನದ ಇಂಥಾ ಪೆಟ್ಟೇ ಕಾರಣ ಅಂತ ತೋರಿಸೋಕೆ ಯಾರಿಂದಾಗುತ್ತೆ? ಕ್ಯಾಚ್ ಹಿಡಿಯೋವಾಗ ಬೀಳೋ ಪೆಟ್ಟು ಕಣ್ಣಿಗೆ ಬೀಳುತ್ತೆ. ಸಾಲಿನಲ್ಲಿ ನಿಂತು ದಿನಾ ತಲೆಗೆ ತಲೆ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ. ನಿನ್ನ ಟೈಟ್ ಎಂಡ್‌ಗೆ ಎರಡೂ ಬೀಳುತ್ತೆ. ಈಗ ಹೇಳು, ಸಂಬಳದ ವಿಷಯ ಆಮೇಲೆ ಅಂದಿದ್ದೆಯಲ್ಲ.

— ಅದಕ್ಕೂ ಒಂದು ಕೇಸಿದೆ. ಒಪ್ಪಂದ ಮುಗಿದ ಆಟಗಾರನನ್ನ ತಂಡ ಒಂದು ವರ್ಷದ ಮಟ್ಟಿಗೆ ಬಿಡದೆ ಹಿಡಿದಿಟ್ಟುಕೊಳ್ಳಬಹುದು. ಫ್ರಾಂಚೈಸ್ ಟ್ಯಾಗ್ ಅಂತಾರೆ. ಆ ವರ್ಷದ ಸಂಬಳ ಅವನು ಆಡೋ ಸ್ಥಾನಕ್ಕೆ ಎಷ್ಟು ಗೊತ್ತಾಗಿದೆಯೋ ಅಷ್ಟು. 2014ರಲ್ಲಿ ನ್ಯೂ ಆರ್ಲಿಯನ್ಸ್ ತಂಡ ಜಿಮ್ಮಿ ಗ್ರಹಾಂಗೆ ಹೀಗೆ ಮಾಡಿತು. ಟೈಟ್ ಎಂಡ್‌ಗೆ ಆಗ ಸುಮಾರು 70 ಲಕ್ಷ ಡಾಲರ್, ರಿಸೀವರ್‌ಗೆ ಸುಮಾರು 1 ಕೋಟಿ 23 ಲಕ್ಷ. ‘ನಾನು ಹೆಚ್ಚು ಸಲ ಸಾಲಿನಿಂದ ದೂರ ರಿಸೀವರ್‌ಗಳ ಹಾಗೆ ನಿಂತಿದ್ದೇನೆ, ಆ ಸಂಬಳ ಕೊಡಿ’ ಅಂತ ಗ್ರಹಾಂ ಕೇಳಿದ.

— ನ್ಯಾಯವಾಗೇ ಕೇಳಿದ್ದಾನೆ.

— ಪಂಚಾಯ್ತಿಗೆ ಕೂತ ಕಾನೂನು ಪ್ರಾಧ್ಯಾಪಕರು ಒಪ್ಪಲಿಲ್ಲ. ಸಾಲಿನಿಂದ ನಾಲ್ಕು ಗಜದೊಳಗೆ ನಿಂತರೆ ಟೈಟ್ ಎಂಡೇ ಅಂದರು. ಟ್ವಿಟರ್‌ನಲ್ಲಿ ತನ್ನ ಪರಿಚಯಕ್ಕೆ ಅವನೇ ‘ಟೈಟ್ ಎಂಡ್’ ಅಂತ ಬರೆದುಕೊಂಡದ್ದೂ ತೀರ್ಪಿನಲ್ಲಿ ಬಂತು. ಕಡೆಗೆ ತಂಡದ ಜೊತೆ ನಾಲ್ಕು ವರ್ಷದ ಒಪ್ಪಂದಕ್ಕೆ ರಾಜಿಯಾದ.

— ಇಲ್ಲಿದೆ ನೋಡು ಮೋಸ. ಡ್ರಾಫ್ಟ್‌ನಲ್ಲಿ ಆರಿಸೋವಾಗ ‘ನೀನು ಹಿಡಿದ ಕ್ಯಾಚು ಕಮ್ಮಿ’ ಅಂತ ಕೆಳಗಿಳಿಸ್ತಾರೆ. ಹಿಡಿದು ತೋರಿಸಿದ ಮೇಲೆ ‘ನೀನು ತಳ್ಳೋನು, ನಿನಗೆ ಹಿಡಿಯೋನ ಸಂಬಳ ಇಲ್ಲ’ ಅಂತಾರೆ. ಎರಡು ಕಡೆಯಿಂದಲೂ ಕಡಿಮೆ ಇರೋ ದರವನ್ನೇ ಹಚ್ಚಿದ್ದಾರೆ. ಬಟ್ ಮಾಡಿದ್ದೇ ಸರಿ, ಆ ವ್ಯವಸ್ಥೆಯನ್ನ ನಂಬದೆ ಹೊರಗೆ ಹೋಗಿ ಒಂದು ಪಾಲಿಸಿ ಕೊಂಡ. ಅದು ಹೋಗಲಿ, ಗ್ರಹಾಂ ಸೋತು ಇಷ್ಟು ವರ್ಷ ಆಯ್ತಲ್ಲ, ಈಗಲಾದರೂ ಆ ಅಂತರ ಕಮ್ಮಿ ಆಗಿದೆಯೇ?

— 2025ರ ದರ: ಟೈಟ್ ಎಂಡ್‌ಗೆ ಸುಮಾರು 1 ಕೋಟಿ 38 ಲಕ್ಷ ಡಾಲರ್. ರಿಸೀವರ್‌ಗೆ ಸುಮಾರು 2 ಕೋಟಿ 40 ಲಕ್ಷ.

— ಅಂದರೆ ಆಗ 53 ಲಕ್ಷ ಇದ್ದ ಅಂತರ ಈಗ ಒಂದು ಕೋಟಿ ದಾಟಿದೆ.